ಒಳಗಿಲ್ಲದ ಲೇತ್

ವರ್ಕ್‌ಶಾಪಿನ ಎ.ಸಿ. ಕೆಟ್ಟು ಎರಡು ಬೇಸಿಗೆ ಕಳೆದಿತ್ತು. ರಿಪೇರಿಗೆ ಯಾರೂ ಬರಲಿಲ್ಲ. ಕಣ್ಣಿಗಿಳಿದ ಬೆವರನ್ನು ತೋಳಿಗೆ ಒರೆಸಿಕೊಂಡೇ ಶೀನಪ್ಪ ಮಕ್ಕಳಿಗೆ ಲೇತ್ ಕಲಿಸುತ್ತಿದ್ದ. ಬರುವ ಮಕ್ಕಳೂ ಕಡಿಮೆಯಾಗಿದ್ದರು. ಈಗ ಕಬ್ಬಿಣ ಕಡೆಯುವುದನ್ನೂ ಕಂಪ್ಯೂಟರಿನಲ್ಲೇ ಕಲಿಯಬಹುದಂತೆ.

ಕಾಲೇಜು ದುಬೈಯಲ್ಲಿದ್ದರೂ ಯೂನಿವರ್ಸಿಟಿ ಬ್ರಿಟನ್ನಿನದು. ಲೇತೂ ಅಲ್ಲಿಯದೇ. ಅದನ್ನು ತಯಾರಿಸಿದ ಕಾರ್ಖಾನೆ ಮುಚ್ಚಿ, ಆ ಜಾಗದಲ್ಲಿ ಫ್ಲಾಟುಗಳು ಎದ್ದಿದ್ದವು. ಯಂತ್ರ ಮಾಡುವುದನ್ನು ಬಿಟ್ಟವರು ಯಂತ್ರದ ಪಾಠ ಮಾರಲು ಇಲ್ಲಿಗೆ ಬಂದಿದ್ದರು. ಉಡುಪಿಯ ಶೀನಪ್ಪನಿಗೆ ಅದೆಲ್ಲ ಯಾಕೆ? ಸ್ಟಾಫಿನ ಮಕ್ಕಳಿಗೆ ಅರ್ಧ ಫೀಸು. ಮಗಳು ಅಶ್ಮಿತಾ ಅಲ್ಲೇ ಮೆಕ್ಯಾನಿಕಲ್ ಓದುತ್ತಿದ್ದಳು. ಅವಳ ಕೊನೆಯ ವರ್ಷ ಮುಗಿಯುವವರೆಗೆ ತನ್ನ ಕೆಲಸ ಉಳಿದರೆ ಸಾಕಿತ್ತು.

ಒಂದು ದಿನ, ಊರ ಕಡೆಯವನೇ ಆದ ಮ್ಯಾನೇಜರ್ ಇಮ್ತಿಯಾಜ್ ಕರೆದ. ವರ್ಕ್‌ಶಾಪ್ ಮುಚ್ಚುತ್ತದೆ, ಲೇತ್ ರಿಸೆಪ್ಷನ್ನಿಗೆ ಹೋಗುತ್ತದೆ, ಬ್ರಿಟನ್ನಿನ ಇಂಜಿನಿಯರಿಂಗ್ ಪರಂಪರೆಯೆಂದು ಬಂದವರಿಗೆ ತೋರಿಸಬೇಕು ಎಂದ. ಅಲ್ಲಿನ ನೆಲ ಅಷ್ಟು ಭಾರ ತಡೆಯದು. ಮೋಟಾರು, ಗೇರು ಎಲ್ಲ ಬಿಚ್ಚಿ ತೆಗೆಯಬೇಕು.

"ಮತ್ತೆ ನನ್ನ ಕೆಲಸ, ಸರ್?"

"ನಿಮ್ಮ ಕೆಲಸ ಎಲ್ಲಿಗೆ ಹೋಗ್ತದೆ ಮಾರಾಯ್ರೆ? ಅದನ್ನು ನೋಡಿಕೊಳ್ಳಲಿಕ್ಕೆ ಜನ ಬೇಡ್ವಾ?"

ಶೀನಪ್ಪ ನಂಬಿದ. ಪ್ರತಿ ವರ್ಷವೂ ಆಯುಧಪೂಜೆಗೆ ಕುಂಕುಮ ಇಟ್ಟ ಕೈಯಿಂದಲೇ ಅದರ ಕರುಳು ಬಗೆದ. ಗೇರುಗಳು ಗುಜರಿಗೆ ಹೋದವು. ಖಾಲಿ ಲೇತಿಗೆ ಹಸಿರು ಪೇಂಟು ಬಂತು, ಮೇಲೆ ಲೈಟು ಬಂತು.

ಆಯುಧಪೂಜೆಯ ಬೆಳಿಗ್ಗೆ ಅವನು ಎಂದಿನಂತೆ ಲೇತ್ ಒರೆಸಿ, ಎಣ್ಣೆ ಬಿಟ್ಟು, ಕುಂಕುಮ ಇಟ್ಟ. ಕೈಗೆ ಅಭ್ಯಾಸ. ಒಳಗೆ ಗೇರುಗಳಿಲ್ಲ ಎಂಬುದು ನೆನಪಾಗುವಷ್ಟರಲ್ಲಿ ಎಣ್ಣೆ ನೇರ ಹೊಸ ಕಾರ್ಪೆಟ್ಟಿಗೆ ಇಳಿದಿತ್ತು.

ಇಮ್ತಿಯಾಜ್ ಬೈಯಲಿಲ್ಲ. ಅವನು ಇಂಥದ್ದಕ್ಕೇ ಕಾದಿದ್ದನೋ ಏನೋ.

"ಖಲಾಸ್, ಶೀನಪ್ಪ. ಓಡದ ಮೆಷಿನಿಗೆ ಆಪರೇಟರ್ ಎಂತಕ್ಕೆ ಅಂತ ಮೇಲಿನವರು ಮೊದಲೇ ಕೇಳ್ತಿದ್ರು."

ಕೆಲಸ ಹೋಯಿತು, ಅರ್ಧ ಫೀಸಿನ ರಿಯಾಯಿತಿಯೂ ಹೋಯಿತು; ಪೂರ್ತಿ ಫೀಸು ಕಟ್ಟುವ ಶಕ್ತಿ ಅವನಿಗಿರಲಿಲ್ಲ. ವೀಸಾ ಮುಗಿಯುವ ಮೊದಲು ಊರಿಗೆ ಹೊರಡಬೇಕಿತ್ತು.

ಆ ವಾರ ಹೊಸ ಮಕ್ಕಳ ತಂದೆತಾಯಿಗಳು ಕಾಲೇಜು ನೋಡಲು ಬಂದರು. ಅವರಿಗೆ ಲೇತಿನ ಬಗ್ಗೆ ಹೇಳುವ ಕೆಲಸ ವಿದ್ಯಾರ್ಥಿಗಳದು; ಅಂದಿನ ಸರದಿ, ಮೊದಲೇ ನಿಗದಿಯಾಗಿದ್ದಂತೆ, ಅಶ್ಮಿತಾಳದು. ಬರೆದುಕೊಟ್ಟದ್ದನ್ನು ಅವಳು ಓದಲಿಲ್ಲ. ಯಂತ್ರದ ಬದಿಯ ಮುಚ್ಚಳ ತೆರೆದಳು.

"ನೋಡಿ, ಒಳಗೆ ಏನೂ ಇಲ್ಲ. ಕೆಲಸ ಉಳೀತದೆ ಅಂತ ಹೇಳಿ ನನ್ನ ಪಪ್ಪನ ಕೈಯಲ್ಲೇ ಖಾಲಿ ಮಾಡಿಸಿದ್ರು. ಈಗ ಪಪ್ಪನೂ ಬೇಡವಂತೆ. ನಿಮ್ಮ ಮಕ್ಕಳಿಗೆ ಇವರು ಕಲಿಸೋದೂ ಇಷ್ಟೇ."

ಇಂಗ್ಲಿಷಿನಲ್ಲಿ, ಎಲ್ಲರಿಗೂ ತಿಳಿಯುವಂತೆ ಹೇಳಿದಳು. ಬಂದವರಲ್ಲಿ ಒಬ್ಬರು ಬಗ್ಗಿ ಒಳಗೆ ಇಣುಕಿ, ಇಲ್ಲಿಯೂ ಒಂದು ಲೈಟ್ ಹಾಕಿಸಿದರೆ ಚೆಂದ ಕಾಣುತ್ತದೆ ಎಂದರು. ಇಮ್ತಿಯಾಜ್ ತಲೆಯಾಡಿಸಿದ.

ಮರುದಿನ ಒಳಗೂ ಲೈಟು ಬಂತು. ಆ ಹೊತ್ತಿಗೆ ಶೀನಪ್ಪ ದುಬೈಯ ನೈಫ್ ಬಜಾರಿನ ಅಂಗಡಿಯೊಂದರಲ್ಲಿ ಸೂಟ್‌ಕೇಸಿಗೆ ಚೌಕಾಶಿ ಮಾಡುತ್ತಿದ್ದ. ತನಗೊಂದು, ಅಶ್ಮಿತಾಳಿಗೊಂದು.