ಶೆಡ್ಡಿನೊಳಗಿನ ಇಟಲಿ

ನಮ್ಮ ಮನೆಯಲ್ಲಿ ಇಟಲಿಯ ಹಳೆಯ ಮೋಟರ್‌ಸೈಕಲ್ ಇದೆ ಎನ್ನುವುದು ಧಾರವಾಡದ ಸಪ್ತಾಪುರದಲ್ಲಿ ಎಲ್ಲರಿಗೂ ಗೊತ್ತು. ಅದು ಓಡುವುದನ್ನು ಮಾತ್ರ ಯಾರೂ ನೋಡಿರಲಿಲ್ಲ. ಕಂಪನಿಯ ಹೆಸರು ನಾನು ಬರೆಯುವುದಿಲ್ಲ. ಹೇಗೆ ಬರೆದರೂ ಉಚ್ಚಾರ ತಪ್ಪು ಎಂದು ನನ್ನ ಗಂಡ ಶಿವಯೋಗೀಶ ಅವರಿಂದ ಪಾಠ ಕೇಳಬೇಕಾಗುತ್ತದೆ. ಅವರು ಇಟಲಿಯನ್ನು ಕಂಡದ್ದು ಸಾಲಿಯ ಭೂಪಟದಲ್ಲಿ.

ಗಾಡಿ ಇವರೊಬ್ಬರದಲ್ಲ, ಅರ್ಧ ಜುಲ್ಫಿಕಾರ ಅಣ್ಣನದು. ಇಬ್ಬರೂ ಹೈಸ್ಕೂಲಿನಲ್ಲಿ ಒಂದೇ ಬೆಂಚಿನವರು. ಮುಂದೆ ಇವರು ಹುಬ್ಬಳ್ಳಿ ಎಪಿಎಂಸಿಯಲ್ಲಿ ಅಪ್ಪನ ಹತ್ತಿ ದಲಾಲಿ ಅಂಗಡಿಯಲ್ಲಿ ಕುಳಿತರು, ಅವರು ತಮ್ಮ ಅಪ್ಪ ಮಕಬೂಲಸಾಬರ ಗ್ಯಾರೇಜಿನಲ್ಲಿ. ಆಮೇಲೆ ಸಂಸಾರ ಹತ್ತಿಕೊಂಡು, ಒಬ್ಬರನ್ನೊಬ್ಬರು ಯಾರದಾದರೂ ಮದುವೆಯ ಪಂಕ್ತಿಯಲ್ಲಿ ಕಂಡರೆ ಕಂಡರು, ಇಲ್ಲದಿದ್ದರೆ ಇಲ್ಲ. ಹಾಗಿರುವಾಗ ಗೋವಾದಲ್ಲಿ ಈ ಗಾಡಿ ಸಿಕ್ಕಿತು. ಯಾರೋ ಪುಣ್ಯಾತ್ಮ ಮನೆ ಖಾಲಿ ಮಾಡುತ್ತಿದ್ದ, ಇಬ್ಬರೂ ಕೂಡಿ ಕೊಂಡರು. ಮೀನಿನ ಟೆಂಪೋದಲ್ಲಿ, ಐಸಿನ ಡಬ್ಬಿಗಳ ನಡುವೆ ಬಂತು. ವಾಸನೆ ಹೋಗುವ ತನಕ ನಮ್ಮ ಅತ್ತೆ ಮುರಿಗೆವ್ವ ಆ ಕಡೆ ಹಾಯಲಿಲ್ಲ. ಅಂದಿನಿಂದ ಪ್ರತಿ ರವಿವಾರ ಜುಲ್ಫಿಕಾರ ಅಣ್ಣ ನಮ್ಮ ಮನೆಗೆ ಬರುವುದು, ಇಬ್ಬರೂ ಅಂಗಳದ ಶೆಡ್ಡು ಹೊಕ್ಕು ಕತ್ತಲಾಗುವ ತನಕ ಅಲ್ಲೇ ಇರುವುದು ನಡೆದುಬಂತು.

ಆ ಶೆಡ್ಡು ನನಗೆ ಬೇಕಿತ್ತು. ಸಪ್ತಾಪುರದ ತುಂಬ ಬಾಡಿಗೆ ಖೋಲಿಗಳಲ್ಲಿ ಓದುವ ಹುಡುಗ ಹುಡುಗಿಯರು. ಎಲ್ಲರಿಗೂ ಬಿಸಿ ಜೋಳದ ರೊಟ್ಟಿ ಬೇಕು, ಯಾರಿಗೂ ಬಡಿಯಲು ಬರುವುದಿಲ್ಲ. ನಾನು ಅಡುಗೆಮನೆಯಲ್ಲೇ ಬಡಿದು ಮಾರುತ್ತಿದ್ದೆ. ದೊಡ್ಡ ಒಲೆ ಹಾಕಿ, ಇನ್ನೊಬ್ಬ ಹೆಂಗಸನ್ನು ಜೊತೆಗೆ ಕೂರಿಸಿಕೊಳ್ಳೋಣ ಎಂದರೆ ಅಲ್ಲಿ ಕಾಲಿಡಲು ಜಾಗವಿಲ್ಲ. ಶೆಡ್ಡು ಕೇಳಿದೆ. ಇವರು ಬಹಳ ಉದಾರವಾಗಿ ಮಾತು ಕೊಟ್ಟರು.

‘ಗಾಡಿ ರೆಡಿ ಆದ ದಿನಾ ಶೆಡ್ಡು ನಿಂದು, ಭಾಗ್ಯಾ. ಏನಿದ್ರೂ ದೀಪಾವಳಿ ತನಕ.’

ಯಾವ ದೀಪಾವಳಿ ಎಂದು ಕೇಳದೆ ಬಿಟ್ಟದ್ದು ನನ್ನ ದಡ್ಡತನ. ಆಗ ನಮ್ಮ ಮಗಳು ಮೂರನೇ ಇಯತ್ತೆ. ಈಗ ಪಿಯುಸಿ.

ಕೆಲಸ ನಡೆಯುತ್ತಿರಲಿಲ್ಲ ಎನ್ನಲಾರೆ. ಕೆಲಸವೇ ನಡೆಯುತ್ತಿತ್ತು. ಗಾಡಿ ಇನ್ನೇನು ಜೋಡಣೆಗೆ ಬಂತು ಎನ್ನುವಾಗ ಇಬ್ಬರಿಗೂ ಒಂದು ಅಪ್‌ಗ್ರೇಡ್ ನೆನಪಾಗುತ್ತಿತ್ತು. ಡ್ರಮ್ ಬ್ರೇಕ್ ತೆಗೆದು ಡಿಸ್ಕ್ ಹಾಕಿದರು. ಡಿಸ್ಕಿಗೆ ಹಳೆಯ ಫೋರ್ಕು ಹೊಂದಲಿಲ್ಲ, ಫೋರ್ಕು ಬದಲಾಯಿತು. ಹೊಸ ಫೋರ್ಕಿಗೆ ಗಾಲಿ ಹೊಂದಲಿಲ್ಲ. ಗಾಲಿಯೂ ಹೊಂದಿದ ಮೇಲೆ, ಇಷ್ಟೆಲ್ಲ ಆದಮೇಲೂ ವೈರಿಂಗ್ ಹಳೆಯದೇ ಇದ್ದರೆ ಗಾಡಿಗೆ ಅವಮಾನವೆಂದು ಅದನ್ನೂ ಕಿತ್ತರು. ಮೊಬೈಲಿನಲ್ಲಿ ಇಟಲಿಯ ಒಬ್ಬ ಮುದುಕ ಎಂಜಿನ್ ಬಿಚ್ಚುವ ವಿಡಿಯೊ ಹಾಕಿಕೊಂಡು ಕೂರುತ್ತಿದ್ದರು. ಆತ ಆಡುವುದು ಇಟಾಲಿಯನ್, ಇವರಿಬ್ಬರೂ ‘ಹೂಂ, ಖರೇ ಐತಿ’ ಎಂದು ತಲೆದೂಗುವುದು. ನಾನು ಕನ್ನಡದಲ್ಲಿ ಕಾಯಿಪಲ್ಯ ತರಲು ಹೇಳಿದರೆ ಮಾತ್ರ ಅರ್ಥವಾಗುತ್ತಿರಲಿಲ್ಲ.

ಇದೇ ಜುಲ್ಫಿಕಾರ ಅಣ್ಣ ಊರಿನವರ ಗಾಡಿಯನ್ನು ಮುಂಜಾನೆ ಬಿಚ್ಚಿದರೆ ಸಂಜೆಯೊಳಗೆ ಜೋಡಿಸಿ ಕೈಗೆ ಕೊಡುವ ಮನುಷ್ಯ. ಒಮ್ಮೆ ಕೇಳಿಯೇಬಿಟ್ಟೆ.

‘ಅಲ್ರಿ ಅಣ್ಣಾ, ಮಂದಿ ಗಾಡಿ ಸಂಜೀಕೇ ಕೊಡ್ತೀರಿ. ಇದಕ್ಯಾಕ ಇಷ್ಟು ವರ್ಷ?’

‘ಮಂದಿಗೆ ಅವಸರ ಇರತೈತ್ರಿ ವೈನಿ,’ ಎಂದರು. ‘ನಮಗೇನೈತಿ?’

ನನಗೆ ಅವಸರವಿತ್ತು, ಆದರೆ ಅದನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ದಸರೆಯ ಖಂಡೇ ಪೂಜೆಯ ದಿನ ಉಳಿದವರು ಗಾಡಿಗೆ ಮಾಲೆ ಹಾಕಿ, ಕಾಯಿ ಒಡೆದು, ಒಂದು ಸುತ್ತು ಹೊಡೆದು ಬರುತ್ತಾರೆ. ನಮ್ಮಲ್ಲಿ ಗೋಣಿತಟ್ಟಿನ ಮೇಲೆ ಟ್ಯಾಂಕು ಒಂದು ಕಡೆ, ಎಂಜಿನ್ ಒಂದು ಕಡೆ, ಹ್ಯಾಂಡಲ್ಲು ಗೋಡೆಗೆ ಒರಗಿ. ಅತ್ತೆ ಈಬತ್ತಿ ಹಿಡಿದು ಬಾಗಿಲಲ್ಲಿ ನಿಂತು, ‘ಇದರ ಮಾರಿ ಯಾವ ಕಡಿ ಐತೋ ಶಿವೂ?’ ಎಂದು ಪ್ರತಿ ವರ್ಷ ಕೇಳುತ್ತಿದ್ದರು. ಕೊನೆಗೆ ಸಿಕ್ಕ ಸಿಕ್ಕ ಕಬ್ಬಿಣಕ್ಕೆಲ್ಲ ಮೂರು ಬೆರಳು ವಿಭೂತಿ ಎಳೆದು ಒಳಗೆ ಬರುತ್ತಿದ್ದರು. ಜುಲ್ಫಿಕಾರ ಅಣ್ಣ ಅಂದು ತಪ್ಪದೆ ಬಂದು, ಕರಿಗಡಬು ಉಂಡು, ಹತಾರಗಳಿಗೆ ವಿಶ್ರಾಂತಿ ಕೊಡಬೇಕಾದ ದಿನವೇ ನಟ್ಟು ಬಿಚ್ಚುವ ಪಾನಾ ಕೈಗೆ ತೆಗೆದುಕೊಳ್ಳುತ್ತಿದ್ದರು. ಅತ್ತೆ ಏನೂ ಅನ್ನುತ್ತಿರಲಿಲ್ಲ. ಅವರಿಗೆ ಮಗನಿಗಿಂತ ಮಗನ ಗೆಳೆಯನ ಮೇಲೆ ಅಂತಃಕರಣ ಹೆಚ್ಚು.

ಹೋದ ವರ್ಷ ಗಾಡಿ ಕೊನೆಗೂ ಎರಡು ಗಾಲಿಯ ಮೇಲೆ ನಿಂತಿತು. ಉಳಿದದ್ದು ಒಂದೇ, ಕಾರ್ಬುರೇಟರ್. ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕುಡಿಸುವ, ಒಂದು ತಂಬಿಗೆಯಷ್ಟು ದೊಡ್ಡ ವಸ್ತು. ಇಟಲಿಯಿಂದ ತರಿಸಲು ಇವರ ಮೊಬೈಲಿನಿಂದ ಆರ್ಡರ್ ಹಾಕಿ, ಗ್ಯಾರೇಜಿನ ವಿಳಾಸ ಕೊಟ್ಟಿದ್ದರು. ಪ್ರತಿ ರವಿವಾರ ನಾನು ಕೇಳುವುದು, ‘ಬರಾಕತ್ತೈತ್ರಿ ವೈನಿ’ ಎಂದು ಜುಲ್ಫಿಕಾರ ಅಣ್ಣ ಹೇಳುವುದು. ಇವರು ಸರಿಯಾಗಿ ಅದೇ ಹೊತ್ತಿಗೆ ಏನನ್ನೋ ಹುಡುಕಲು ನೆಲಕ್ಕೆ ಬಗ್ಗುತ್ತಿದ್ದರು. ಮಳೆಗಾಲ ಹೋಯಿತು, ಚಳಿಗಾಲ ಬಂತು, ಕಾರ್ಬುರೇಟರ್ ಬರುತ್ತಲೇ ಇತ್ತು.

ಒಂದು ದಿನ ಜುಲ್ಫಿಕಾರ ಅಣ್ಣನ ಹೆಂಡತಿ ಮುಸರತ ಫೋನು ಮಾಡಿದಳು. ಗ್ಯಾರೇಜು ಸ್ವಚ್ಛ ಮಾಡಿಸುವಾಗ ಹಳೆಯ ಟೈರುಗಳ ಹಿಂದೆ ಒಂದು ಡಬ್ಬಿ ಸಿಕ್ಕಿತ್ತು.

‘ಅಕ್ಕಾ, ಮ್ಯಾಲೆ ಇಟಲಿ ಅಂತ ಬರದೈತಿ. ಬಿಚ್ಚೇ ಇಲ್ಲ. ಧೂಳಾ ನೋಡಿದ್ರ ಬಂದು ಭಾಳ ದಿನಾ ಆದಂಗೈತಿ.’

‘ಮರತಾರ,’ ಎಂದೆ.

‘ಮರತಂಗ ಕಾಣತೈತಿ,’ ಎಂದಳು.

ಹೆಂಡಂದಿರ ಹುಟ್ಟುಹಬ್ಬ ಮರೆಯುವವರು ಒಂದು ಡಬ್ಬಿ ಮರೆತರೆ ಆಶ್ಚರ್ಯವೇನು? ನಮಗಿಬ್ಬರಿಗೂ ಹೊಳೆದದ್ದು ಅಷ್ಟೇ. ಗಂಡಂದಿರನ್ನು ಅರೆದು ಕುಡಿದಿದ್ದೇವೆ ಎಂಬ ಸೊಕ್ಕು ನಮಗೂ ಇತ್ತು.

ಆ ರವಿವಾರ ಮುಸರತಳೂ ಬಂದಳು. ಚಹಾದ ತಾಟಿನಲ್ಲಿ, ಗಿರಮಿಟ್ಟು ಮಿರ್ಚಿಯ ಪಕ್ಕ, ಡಬ್ಬಿ ಇಟ್ಟುಕೊಂಡು ಇಬ್ಬರೂ ಶೆಡ್ಡಿಗೆ ಹೋದೆವು. ಕುಣಿದಾಡುತ್ತಾರೆ ಎಂದುಕೊಂಡಿದ್ದೆ. ಜುಲ್ಫಿಕಾರ ಅಣ್ಣ ಡಬ್ಬಿ ನೋಡಿ ನಿಂತಲ್ಲೇ ನಿಂತರು. ಇವರು ಡಬ್ಬಿಯನ್ನೂ ನೋಡಲಿಲ್ಲ, ಗೆಳೆಯನನ್ನೂ ನೋಡಲಿಲ್ಲ, ಮಿರ್ಚಿ ನೋಡಿದರು.

‘ಸಿಕ್ತೇನು?’ ಎಂದರು.

‘ಸಿಕ್ತು,’ ಎಂದರು ಜುಲ್ಫಿಕಾರ ಅಣ್ಣ.

‘ಛಲೋ ಆತಲ್ಲ.’

ಸತ್ತವರ ಮನೆಯಲ್ಲೂ ಮಂದಿ ಇದಕ್ಕಿಂತ ಹುರುಪಿನಿಂದ ಮಾತಾಡುತ್ತಾರೆ.

ಸಂಜೆಯೊಳಗೆ ಗಾಡಿ ಚಾಲೂ ಆಯಿತು. ಸಪ್ಪಳಕ್ಕೆ ಸುತ್ತಲಿನ ಖೋಲಿಗಳ ಹುಡುಗರೆಲ್ಲ ಮಾಳಿಗೆಯ ಮೇಲೆ ಬಂದು ಸೀಟಿ ಹೊಡೆದರು. ಇಬ್ಬರೂ ಒಂದೊಂದು ಸುತ್ತು ಹೋಗಿಬಂದರು. ಗಾಡಿ ಒಂದು ತಿಂಗಳು ಇವರಲ್ಲಿ, ಒಂದು ತಿಂಗಳು ಅವರಲ್ಲಿ ಇರಲಿ ಎಂದು ಮಾತಾಯಿತು. ಮೊದಲ ಪಾಳಿ ನಮ್ಮದು. ಅದನ್ನು ಕಟ್ಟೆಯ ಪಕ್ಕ ನಿಲ್ಲಿಸಿದರು. ಜುಲ್ಫಿಕಾರ ಅಣ್ಣ ತಮ್ಮ ಹತಾರಗಳನ್ನೆಲ್ಲ ಚೀಲಕ್ಕೆ ತುಂಬಿಕೊಂಡು, ‘ಬರ್ತೇನ್ರಿ ವೈನಿ’ ಎಂದು ಹೋದರು. ನಾನು ಅದೇ ವಾರ ಶೆಡ್ಡಿಗೆ ಸುಣ್ಣ ಹೊಡೆಸಿದೆ. ದೊಡ್ಡ ಒಲೆ, ರೊಟ್ಟಿ ಬೇಯಿಸುವ ಹೊಸ ಹಂಚು ಬಂದವು. ಹೆಬ್ಬಳ್ಳಿಯ ರೈತ ದ್ಯಾಮಣ್ಣನಿಗೆ ಜೋಳಕ್ಕೆ ಹೇಳಿಕಳಿಸಿದೆ. ಒಲೆ ಹೊತ್ತಿಸಲು ಅತ್ತೆ ಒಂದು ಸೋಮವಾರ ನೋಡಿಕೊಟ್ಟರು. ಇಷ್ಟು ಖುಷಿ ನಾನು ನನ್ನ ಮದುವೆಯಲ್ಲೂ ಪಟ್ಟಿರಲಿಲ್ಲ.

ಮುಂದಿನ ರವಿವಾರ ಇವರು ರೂಢಿಯಂತೆ ಗ್ರೀಸಿನ ಅಂಗಿ ಹಾಕಿಕೊಂಡು ಕಟ್ಟೆಯ ಮೇಲೆ ಕುಳಿತರು. ಒರೆಸಿದ ಟ್ಯಾಂಕನ್ನೇ ಒರೆಸಿದರು. ಯಾರೂ ಬರಲಿಲ್ಲ. ಅದರ ಮುಂದಿನ ರವಿವಾರ ಆ ಅಂಗಿ ಹಾಕಿಕೊಳ್ಳಲೇ ಇಲ್ಲ. ಟಿವಿಯ ಮುಂದೆ ಅತ್ತೆಯ ಪಕ್ಕ ಕುಳಿತು, ಧಾರಾವಾಹಿಯಲ್ಲಿ ಸೊಸೆ ಯಾರು, ನಾದಿನಿ ಯಾರು ಎಂದು ಕೇಳಿ ಕೇಳಿ ಅವರ ತಲೆ ತಿಂದರು. ಅದೇ ಹೊತ್ತಿಗೆ ಮುಸರತ ಫೋನು ಮಾಡಿದಳು.

‘ಅಕ್ಕಾ, ಇವ್ರು ರವಿವಾರ ಸುದ್ದಾ ಗ್ಯಾರೇಜ್ ತಗದು ಕುಂಡ್ರಾಕತ್ತಾರ. ಕೆಲಸಾ ಏನೂ ಇಲ್ಲ, ಸುಮ್ನ ರಸ್ತಾ ನೋಡ್ಕೊಂತ ಕುಂಡ್ರತಾರ. ನಾವು ಆ ಡಬ್ಬಿ ಕೊಡಬಾರದಿತ್ತೇನು?’

ಫೋನು ಇಟ್ಟು ಇವರ ಮುಂದೆ ಹೋಗಿ ನಿಂತೆ.

‘ಕಾರ್ಬುರೇಟರ್ ಬಂದದ್ದು ನಿಮಗ ಗೊತ್ತಿತ್ತೇನ್ರಿ?’

ರಿಮೋಟ್ ತೆಗೆದು ಟಿವಿಯ ದನಿ ಸಣ್ಣದು ಮಾಡಿದರು. ‘ಮುಟ್ಟೇತಿ ಅಂತ ಮೆಸೇಜ್ ಬಂದಿತ್ತು. ಮಳಿಗಾಲದಾಗ.’

‘ಮತ್ತ ಜುಲ್ಫಿಕಾರ ಅಣ್ಣಗ ಕೇಳಲಿಲ್ಲ?’

‘ಅವ ಬಂದಿಲ್ಲ ಅಂದಾ. ನಾ ಹೂಂ ಅಂದೆ.’

ನನ್ನ ಸಿಟ್ಟು ನೆತ್ತಿಗೇರಿತು. ಅಲ್ಲಿ ನಾನು ರೊಟ್ಟಿ ಬಡಿಯಲು ಜಾಗವಿಲ್ಲದೆ ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದರೆ, ಇಲ್ಲಿ ಇಬ್ಬರು ಮಹನೀಯರು ಬಂದ ಡಬ್ಬಿಗೆ ದಾರಿ ಕಾಯುತ್ತ ಕುಳಿತಿದ್ದರು.

‘ಅವರು ಬೇಕಾಗಿದ್ರ ಹೋಗಿ ಭೆಟ್ಟಿ ಆಗ್ರಿ. ಕುಂತು ಚಹಾ ಕುಡೀರಿ. ಅದಕ್ಕ ಇಟಲಿ ಯಾಕ ಬೇಕು?’

ಇವರು ಏನೂ ತಿಳಿಯದ ಮಗುವನ್ನು ನೋಡುವ ಹಾಗೆ ನನ್ನನ್ನು ನೋಡಿದರು.

‘ಬರೇ ಚಹಾ ಕುಡಿಯಾಕ ಹೋದ್ರ, ಏನಾತು, ಯಾಕ ಬಂದಿ ಅಂತ ಕೇಳ್ತಾನ, ಭಾಗ್ಯಾ. ಏನಂತ ಹೇಳ್ಲಿ?’

ಐವತ್ತರ ಹತ್ತಿರ ಬಂದ ಗಂಡಸು. ವ್ಯಾಪಾರದಲ್ಲಿ ದಿನವಿಡೀ ಮಾತಾಡಿ ಹೊಟ್ಟೆ ಹೊರೆಯುವವರು. ನಿನ್ನನ್ನು ನೋಡಬೇಕೆನಿಸಿತು ಎಂಬ ಒಂದು ಮಾತು ಗೆಳೆಯನಿಗೆ ಹೇಳಲು ಬಾಯಿಲ್ಲ. ಅದನ್ನು ಹೇಳದೆ ಉಳಿಯುವುದಕ್ಕಾಗಿ ಇಷ್ಟು ವರ್ಷ ಇಬ್ಬರೂ ಸೇರಿ ಎಂಜಿನ್ನಿನ ಒಂದೊಂದು ನಟ್ಟನ್ನೂ ಬಿಚ್ಚಿ ತಿರುಗಿಸಿದ್ದರು. ನಗಬೇಕಾಗಿತ್ತು, ನಗು ಬರಲಿಲ್ಲ. ಸಂಕಟವಾಯಿತು. ಸಿಟ್ಟೂ ಹಾಗೇ ಇತ್ತು.

‘ಏಳ್ರಿ. ನನ್ನ ಒಂದು ಸುತ್ತು ಕರಕೊಂಡು ಹೋಗ್ರಿ,’ ಎಂದೆ.

ಸೆರಗು ಬಿಗಿದು, ಹೆಲ್ಮೆಟ್ ಹಾಕಿಕೊಂಡು ಹಿಂದೆ ಕುಳಿತೆ. ಹೆಬ್ಬಳ್ಳಿಯ ರಸ್ತೆ ಹಿಡಿದೆವು. ಎರಡೂ ಕಡೆ ಜೋಳ ಕೊಯ್ದ ಹೊಲಗಳು, ಅಲ್ಲಲ್ಲಿ ಕಣಕಿಯ ಬಣವೆ. ಗಾಡಿ ಬಹಳ ಚೆಂದ ಓಡಿತು. ಅಷ್ಟು ಚೆಂದ ಓಡಬಾರದಿತ್ತು. ಎಂಜಿನ್ನು ಒಂದೇ ಸಮ ಗುರುಗುಟ್ಟುತ್ತಿತ್ತು, ಒಂದು ತಪ್ಪಿಲ್ಲ, ಒಂದು ತಡವರಿಕೆಯಿಲ್ಲ. ಇವರ ಭುಜಗಳು ಮಾತ್ರ ಜೋತುಬಿದ್ದಿದ್ದವು. ಇಷ್ಟು ವರ್ಷ ಕಾದ ಗಾಡಿಯನ್ನು ಸಂತೆಗೆ ಹೊರಟವರ ಹಾಗೆ ಓಡಿಸಿದರು.

ಮನೆಯ ಮುಂದೆ ಇಳಿದು ಹೆಲ್ಮೆಟ್ ತೆಗೆದೆ. ಶೆಡ್ಡಿನ ಬಾಗಿಲು ತೆರೆದಿತ್ತು. ಸುಣ್ಣದ ಗೋಡೆಗೆ ಒರಗಿದ ಹೊಸ ಹಂಚು, ನಾಳೆ ಸೋಮವಾರ ಹೊತ್ತಬೇಕಾದ ಒಲೆ, ಎರಡನ್ನೂ ಕಣ್ತುಂಬ ನೋಡಿಕೊಂಡೆ.

‘ಒಳಗ ಏನೋ ಕಟ್ ಕಟ್ ಅಂತೈತಲ್ರಿ,’ ಎಂದೆ.

‘ಎಲ್ಲಿ?’

‘ಎಂಜಿನ್ ಒಳಗ. ಹಿಂದ ಕುಂತವರಿಗೆ ಕೇಳತೈತಿ.’

ಇವರು ನನ್ನ ಮುಖ ನೋಡಿದರು. ಆಮೇಲೆ ಕಿಸೆಯಿಂದ ಫೋನು ತೆಗೆದರು.

ಜುಲ್ಫಿಕಾರ ಅಣ್ಣ ಬಂದ ವೇಗ ನೋಡಿದರೆ ಹತಾರಗಳ ಚೀಲ ಬಿಚ್ಚಿಯೇ ಇರಲಿಲ್ಲವೆಂದು ಕಾಣುತ್ತದೆ. ಗಾಡಿ ಚಾಲೂ ಮಾಡಿಸಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಕೆಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ಕುಳಿತರು. ಎಂಜಿನ್ನು ಒಂದೇ ಸಮ ಗುರುಗುಟ್ಟುತ್ತಿತ್ತು.

‘ಐತಿ,’ ಎಂದರು.

ಇವರೂ ಕಿವಿ ಹಚ್ಚಿದರು. ‘ಹೌದು. ಎಡಗಡಿ.’

‘ಬಲಗಡಿನೂ ಐತಿ, ಶಿವೂ.’

‘ಹಂಗಾದ್ರ ಪೂರಾ ಬಿಚ್ಚಬೇಕು.’

‘ಪೂರಾ. ಲಗೂ ಆಗೂ ಕೆಲಸಲ್ಲ ಇದು.’

ಊರಿನ ಗಾಡಿಗಳ ರೋಗವನ್ನು ಕಿವಿಯಿಂದಲೇ ಹೇಳುವ ಮನುಷ್ಯ, ನಾನು ಈಗಷ್ಟೇ ಹುಟ್ಟಿಸಿದ ಸಪ್ಪಳವನ್ನು ಎರಡೂ ಸಿಲಿಂಡರಿನಲ್ಲಿ ಕೇಳಿಸಿಕೊಂಡರು. ಅದು ಸುಳ್ಳೆಂದು ಮೂವರಿಗೂ ಗೊತ್ತಿತ್ತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಎಲ್ಲಿ ಬಿಚ್ಚುವುದು ಎಂಬ ಮಾತನ್ನು ಇಬ್ಬರೂ ಎತ್ತಲಿಲ್ಲ. ನನಗೆ ಹೆದರಿ ಅಂಗಳದ ಮಣ್ಣಿನಲ್ಲಿ ಗೋಣಿತಟ್ಟು ಹಾಸತೊಡಗಿದರು.

‘ಬಯಲಾಗ ಯಾರರೆ ಎಂಜಿನ್ ಬಿಚ್ತಾರೇನ್ರಿ?’ ಎಂದೆ. ಶೆಡ್ಡಿನೊಳಗೆ ಹೋಗಿ, ಇನ್ನೂ ಬೆಂಕಿ ಕಾಣದ ಒಲೆಯ ಒಂದು ಅಂಚು ಹಿಡಿದೆ.

‘ಏನ್ ನೋಡಾಕತ್ತೀರಿ ಇಬ್ಬರೂ? ಬರ್ರಿ, ಆ ಕಡಿ ಹಿಡೀರಿ.’