ಜಾರಿ ಬಿದ್ದೆ ಅಂದ ಮಾತು

ಬೆಂಗಳೂರಿನ ಅಂಚಿನ ಸಿಂಗಾಪುರ ಹಳ್ಳಿಯ ಅಕ್ಕಯ್ಯಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು, ಬಡಾವಣೆಗಳ ಬೀದಿ ಬೀದಿ ಸುತ್ತಿ ಸೊಪ್ಪು ಮಾರುತ್ತಿದ್ದಳು. 2014ರ ಒಂದು ಬೆಳಗ್ಗೆ ಬ್ಯಾಟರಾಯನಪುರದಲ್ಲಿ ರಸ್ತೆ ದಾಟುವಾಗ ಬೈಕೊಂದು ಬಂದು ಗುದ್ದಿತು. ಬೈಕಿನಲ್ಲಿದ್ದ ರಘುನಾಥ್ ಓಡಿಹೋಗಲಿಲ್ಲ. ಅವಳನ್ನು ಆಟೋದಲ್ಲಿ ಮಲಗಿಸಿಕೊಂಡು ಆಸ್ಪತ್ರೆಗೆ ತಂದ. ಡಾಕ್ಟರು ಬರುವ ಮೊದಲು ಅವಳ ಕೈ ಹಿಡಿದು ಅತ್ತುಬಿಟ್ಟ.

“ಅಮ್ಮಾ, ಪೊಲೀಸ್ ಕೇಸಾದ್ರೆ ನಂಗೆ ಸಿಗೋದ್ರಲ್ಲಿರೋ ಕೆಲ್ಸ ತಪ್ಪಿಹೋಗುತ್ತೆ. ನಿಮ್ಮನ್ನ ನಾನೇ ನೋಡ್ಕೋತೀನಿ.”

ಡಾಕ್ಟರು ಕೇಳಿದಾಗ, “ಮನೆ ಮೆಟ್ಲಲ್ಲಿ ಜಾರಿ ಬಿದ್ದೆ ಸ್ವಾಮಿ” ಎಂದಳು. ಅವರು ಹಾಗೆಯೇ ಬರೆದುಕೊಂಡರು.

ರಘುನಾಥ್ ಮಾತು ತಪ್ಪಲಿಲ್ಲ. ವಾರ ವಾರ ಬರುತ್ತಿದ್ದ, ಔಷಧಿ ತರುತ್ತಿದ್ದ, ಪಕ್ಕದಲ್ಲಿ ಕೂತು ಹರಟುತ್ತಿದ್ದ. ಆದರೆ ಮುರಿದ ಕಾಲಿನ ಮೂಳೆ ಸೊಟ್ಟಗೆ ಕೂಡಿಕೊಂಡಿತು. ಬುಟ್ಟಿ ಹೊರುವುದಿರಲಿ, ಬಚ್ಚಲಿಗೆ ಹೋಗಲೂ ಗೋಡೆ ಹಿಡಿಯಬೇಕಾಯಿತು. ಮತ್ತೆ ಆಪರೇಷನ್ ಆಗಬೇಕೆಂದರು. ಅದರ ಖರ್ಚು ಅವನ ಕೈ ಮೀರಿದ ಮಾತು. ಕೊನೆಗೆ ತಂಗಿಯ ಮಗಳು ವನಿತಾ ಅವಳನ್ನು ಆರ್.ಟಿ. ನಗರದ ವಕೀಲೆ ಶಶಿರೇಖಾ ಹತ್ತಿರ ಕರೆದೊಯ್ದಳು.

“ಬೈಕಿಗೆ ಇನ್ಶೂರೆನ್ಸ್ ಇತ್ತಲ್ಲಮ್ಮ” ಎಂದರು ಶಶಿರೇಖಾ. “ಪರಿಹಾರ ಕೊಡ್ಬೇಕಾಗಿದ್ದು ಕಂಪನಿ. ಅವತ್ತೇ ನಿಜ ಹೇಳಿದ್ರೆ ಆ ಹುಡುಗನಿಗೆ ಬಹುಶಃ ದಂಡದಲ್ಲೇ ಮುಗೀತಿತ್ತು.”

“ನಂಗಿದ್ನ ಯಾರೂ ಏಳ್ಲಿಲ್ವಲ್ಲವ್ವಾ!”

ವಿಷಯ ಕೇಳಿದ ರಘುನಾಥ್ ತಾನಾಗಿಯೇ ಠಾಣೆಗೆ ಹೋಗಿ ಒಪ್ಪಿಕೊಂಡ. ಶಶಿರೇಖಾ ಪರಿಹಾರಕ್ಕೆ ಅರ್ಜಿ ಹಾಕಿದರು. ಕೋರ್ಟಿನಲ್ಲೂ ಅವನು, “ಗುದ್ದಿದ್ದು ನಾನೇ” ಎಂದ. ಅಕ್ಕಯ್ಯಮ್ಮ ಕಟಕಟೆ ಹತ್ತಿದಾಗ ಇನ್ಶೂರೆನ್ಸ್ ಕಂಪನಿಯ ವಕೀಲ ಶೇಖರಪ್ಪ ಆಸ್ಪತ್ರೆಯ ಕಾಗದ ತೋರಿಸಿದ.

“ಜಾರಿ ಬಿದ್ದೆ ಅಂತ ನೀವೇ ಹೇಳಿದ್ರಾ?”

“ಔದು ಸ್ವಾಮಿ. ಉಡ್ಗ ಅಳ್ತಿದ್ದ, ಅದ್ಕೆ ಸುಳ್ಳೇಳ್ದೆ.”

“ವಾರ ವಾರ ಮನೆಗೆ ಬರೋ ಈ ಹುಡುಗ ನಿಮಗೆ ಬೇಕಾದವನಲ್ವಾ?”

ಅಲ್ಲ ಎನ್ನಲು ಅವಳಿಗೆ ಬಾಯಿ ಬರಲಿಲ್ಲ. “ಬೇಕಾದವ್ನೇ” ಎಂದಳು. ಶಶಿರೇಖಾ ತಲೆ ತಗ್ಗಿಸಿದರು.

ಇಬ್ಬರೂ ಮಾತಾಡಿಕೊಂಡು ಹೂಡಿದ ನಾಟಕವಿದು ಎಂದು ತೀರ್ಪಾಯಿತು. ಅರ್ಜಿ ವಜಾ.

“ಹೈಕೋರ್ಟಿಗೆ ಹಾಕೋಣ. ಆದ್ರೆ ಭರವಸೆ ಕೊಡಲ್ಲ” ಎಂದು ಹೇಳಿ ಶಶಿರೇಖಾ ಇನ್ನೊಂದು ಕೇಸಿಗೆ ಹೋದರು. ಗೇಟಿನ ಹತ್ತಿರ ರಘುನಾಥ್ ಅವಳ ಮುಖ ನೋಡಲಾರದೆ ನಿಂತಿದ್ದ.

“ಅವತ್ತು ನಾನು ಅಳಬಾರದಿತ್ತಮ್ಮ.”

ಅವನ ಮೇಲೆ ಸಿಟ್ಟು ಬರಬಹುದೆಂದು ಅಕ್ಕಯ್ಯಮ್ಮ ಕಾದಳು. ಬರಲಿಲ್ಲ. ಬಂದ ಸಿಟ್ಟೆಲ್ಲ ತನ್ನ ನಾಲಿಗೆಯ ಮೇಲೆಯೇ.

“ಆಪರೇಷನ್ನಿಗೆ ಹೆಂಗಾದ್ರೂ ಸಾಲ ಮಾಡ್ತೀನಿ” ಎಂದ.

“ಬ್ಯಾಡ ಕಣಪ್ಪ. ನಿಂಗೂ ಸಂಸಾರ ಐತೆ” ಎಂದು ಅವಳು ವನಿತಾಳ ಹೆಗಲು ಹಿಡಿದು ಆಟೋ ಹತ್ತಿದಳು.