ಹನ್ನೊಂದನೆಯ ಕಾರ್ಡು

ಇದು 2013ರ ಮಾತು. ನಾನು, ಚಿದಾನಂದ, ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಹನ್ನೊಂದು ಊರಿನ ಕಚೇರಿಗಳಿಗೆ ಕಬ್ಬು ಕಡಿಯುವ ಚೀಟಿ ಹೋಗಬೇಕು. ಅದಕ್ಕೆಂದು ದೊಡ್ಡ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಲ್ಲೇ ಇನ್ನೊಂದು ಕಂಪ್ಯೂಟರ್ ಮಾಡಿದ್ದೆ. ವರ್ಚುವಲ್ ಮಷೀನ್ ಅನ್ನುತ್ತಾರೆ. ಕೈಗೆ ಸಿಗುವುದಿಲ್ಲ, ಕೆಲಸ ಮಾತ್ರ ಮಾಡುತ್ತದೆ.

"ಬಾಜೂ ಊರಿನ ಜೋಡಿ ನಮ್ಮ ಲೈನ್ ಕೂಡಿಸಬ್ಯಾಡ್ರಿ" ಎಂದು ಪ್ರತಿ ಊರಿನವರೂ ಪಟ್ಟು ಹಿಡಿದರು. ನಾನೂ ಹೂಂ ಅಂದು ಊರಿಗೊಂದು ನೆಟ್‌ವರ್ಕ್ ಕಾರ್ಡು ಕೊಟ್ಟೆ. ಹತ್ತು ಕಾರ್ಡಾದ ಮೇಲೆ ಮಷೀನು ಇನ್ನೊಂದನ್ನು ತೆಗೆದುಕೊಳ್ಳಲಿಲ್ಲ. ಅದರ ಮಿತಿಯೇ ಅಷ್ಟು. ಉಳಿದ ಊರು ತುಬಚಿ, ನನ್ನ ಹೆಂಡತಿ ವೈಶಾಲಿಯ ತವರು!

"ಬೇಕಂತನ ನಮ್ಮೂರ ಬಿಟ್ಟೀರಿ. ತುಬಚಿ ಕೂಡೂತನಕ ನಾ ಬರಂಗಿಲ್ಲ" ಎಂದು ಅವಳು ಬ್ಯಾಗು ಹಿಡಿದು ತವರಿಗೆ ನಡೆದಳು. ಮೂರು ದಿನ ನಾನೇ ಮಾಡಿದ ಅವಲಕ್ಕಿ ತಿಂದೆ. ನೆನೆಸಿಕೊಂಡರೆ ಈಗಲೂ ಸಿಟ್ಟು ಬರುತ್ತದೆ.

ನಾಲ್ಕನೆಯ ದಿನ ತುಬಚಿಗೆ ಹೋದೆ. ಮಾವ ಗಿರಿಮಲ್ಲಪ್ಪ ಹೊಲದ ಬಾವಿಯ ಹತ್ತಿರ ಊಟಕ್ಕೆ ಕೂತಿದ್ದರು. ವೈಶಾಲಿ ರೊಟ್ಟಿ ಬಡಿಸುತ್ತಿದ್ದಳು; ನನ್ನ ಕಡೆ ನೋಡಲೂ ಇಲ್ಲ.

"ಕಾರ್ಡ್ ತೀರಿದಾವ್ರಿ ಮಾವಾರ" ಎಂದೆ.

"ಆ ಕಂಪ್ಯೂಟರ್ ಖರೆ ಐತೇನ್ರಿ?"

"ಇಲ್ರಿ, ಸಾಫ್ಟ್‌ವೇರಿನ್ಯಾಗ ಮಾಡಿದ್ದು."

"ಮತ್ತ ಕಾರ್ಡ್?"

"ಅವೂ ಹಂಗ ರೀ."

"ಇಲ್ಲದ ಕಾರ್ಡ್ ತೀರತಾವೇನ್ರಿ ಅಳಿಯಂದ್ರ?"

ವೈಶಾಲಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ನನಗೆ ಮೈಯೆಲ್ಲ ಉರಿಯಿತು.

ಮಾವ ಬಾವಿಯ ಪೈಪು ತೋರಿಸಿದರು. "ನಾನೂ ನನ್ನ ತಮ್ಮ ಅಪ್ಪಾಸಾಬನೂ ಮಾತು ಬಿಟ್ಟು ಆರು ವರ್ಷ ಆತು. ಮೋಟರ್ ಮಾತ್ರ ಒಂದ. ಪೈಪಿಗೆ ಎರಡು ಕವಲಿನ ಟೀ ಹಾಕೇವಿ. ಅವನ ನೀರು ಅವನ ಹೊಲಕ್ಕ, ನನ್ನ ನೀರು ನನ್ನ ಹೊಲಕ್ಕ. ನಿಮ್ಮದರಾಗ ಟೀ ಹಾಕಾಕ ಬರಂಗಿಲ್ಲೇನು?"

ಬರುತ್ತದೆ! ಒಂದೇ ಕಾರ್ಡಿನಲ್ಲಿ ಹಲವು ಲೈನು ತಂದು, ಸ್ವಿಚ್ ಅನ್ನುವ ಲೈನು ಹಂಚುವ ಪೆಟ್ಟಿಗೆಯಲ್ಲಿ ಅವನ್ನು ಬೇರೆ ಬೇರೆ ಮಾಡುವುದನ್ನು ಪರೀಕ್ಷೆಯಲ್ಲಿ ಬರೆದೇ ಪಾಸಾಗಿದ್ದೆ. ಊರೂರಿನ ಜಗಳ ಕೇಳಿ ಕೇಳಿ ಓದಿದ್ದೆಲ್ಲ ಮರೆತುಹೋಗಿತ್ತು.

ಮಧ್ಯಾಹ್ನವೇ ಕಾರ್ಖಾನೆಗೆ ಓಡಿ, ಆ ಹತ್ತು ಊರುಗಳಲ್ಲೊಂದಾದ ಹಿಪ್ಪರಗಿಯ ಕಾರ್ಡಿಗೇ ತುಬಚಿಯನ್ನೂ ಕೂಡಿಸಿದೆ. ಹಿಪ್ಪರಗಿಯವರಿಗೆ ಹೇಳಲಿಲ್ಲ. ಅವರಿಗೆ ಗೊತ್ತೂ ಆಗಲಿಲ್ಲ. ನಾಲ್ಕು ಗಂಟೆಗೆ ತುಬಚಿಯಲ್ಲಿ ಮೊದಲ ಚೀಟಿ ಬಂತು.

ಸಂಜೆಯ ಬಸ್ಸಿಗೆ ವೈಶಾಲಿ ಬಂದಳು. ಅವಳನ್ನು ಕಂಡದ್ದೇ ತಡ, ಆ ಹೊತ್ತಿಗೆ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಬ್ಯಾಗು ಇಡುತ್ತಲೇ ಕೇಳಿದಳು:

"ಅಪ್ಪ ಕೇಳ್ಯಾನ. ಒಂದ ಕಾರ್ಡಿಗೆ ಟೀ ಹಾಕಿದ್ರ ಎಲ್ಲಾ ಊರೂ ಕೂಡತಿದ್ವಲ್ಲ, ಉಳಿದ ಒಂಬತ್ತು ಕಾರ್ಡ್ ಯಾಕ ಹಾಕಿದ್ರಿ ಅಂತ?"

"ರಾತ್ರಿ ಊಟಕ್ಕ ಏನ್ ಮಾಡ್ತಿ?" ಎಂದೆ.